ಸಹಾಯ ಬೇಕು: 86ಬಾಕ್ಸ್‌ನಲ್ಲಿ ವಿಂಡೋಸ್ 95 ಅರ್ಧಕ್ಕೇ ನಿಲ್ಲುತ್ತಿದೆ

ನಮಸ್ಕಾರ. 1998ರಲ್ಲಿ ಬಂದ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಆ ಕಾಲದ ಕಂಪ್ಯೂಟರ್‌ನಲ್ಲೇ ಓಡಿಸಿ ನೋಡುವ ಆಸೆ, ಅದಕ್ಕೇ ಈ ಸಾಹಸ. 86ಬಾಕ್ಸ್‌ನಲ್ಲಿ (ಹಳೆ ಪಿಸಿಗಳನ್ನು ಅನುಕರಿಸುವ ಎಮ್ಯುಲೇಟರ್) ಪೆಂಟಿಯಂ ಯಂತ್ರ, 1 ಜಿಬಿ ಹಾರ್ಡ್ ಡಿಸ್ಕ್ ಇಮೇಜ್ (ಫೈಲ್ ವ್ಯವಸ್ಥೆ ಫ್ಯಾಟ್16 ಅಲ್ವಾ, ಪಾರ್ಟಿಷನ್ 2 ಜಿಬಿ ದಾಟುವಂತಿಲ್ಲ). ನನ್ನ ಸಿಡಿಯಿಂದ ನೇರ ಬೂಟ್ ಆಗಲ್ಲ, ಹಾಗಾಗಿ ವಿಂಡೋಸ್ 98ರ ಬೂಟ್ ಫ್ಲಾಪಿ ಹಾಕಿ, ಎಫ್‌ಡಿಸ್ಕ್‌ನಲ್ಲಿ ಪಾರ್ಟಿಷನ್ ಮಾಡಿ, ಅದನ್ನು ಆಕ್ಟಿವ್ ಮಾಡಿ, ಫಾರ್ಮ್ಯಾಟ್ ಮಾಡಿದೆ. ಸೆಟಪ್ ಚೆನ್ನಾಗೇ ಓಡಿತು. ಫ್ಲಾಪಿ ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ ಮಾತ್ರ ಡ್ರೈವರ್ ಫೈಲ್‌ಗಳಿಗೆ ಸಿಡಿ ಕೇಳುತ್ತಾ ಕೂರುತ್ತದೆ. ಸಿಡಿ ಒಳಗೇ ಇದೆ ಮಾರಾಯ್ರೇ!

ಆ ಫ್ಲಾಪಿ ಮೆಮೊರಿಯಲ್ಲಿ ತಾನೇ ಮಾಡಿಕೊಳ್ಳುವ ತಾತ್ಕಾಲಿಕ ರ್‍ಯಾಮ್ ಡ್ರೈವ್‌ಗೆ ಡಿ ಅಕ್ಷರ ಕೊಟ್ಟು ಸಿಡಿಯನ್ನು ಇ ಮಾಡುತ್ತದೆ, ಈಗ ವಿಂಡೋಸ್ ಇನ್ನೂ ಇ ಡ್ರೈವನ್ನೇ ಹುಡುಕುತ್ತಿರಬಹುದಾ? ಸಿಡಿಯಲ್ಲಿರುವ ವಿನ್95 ಫೋಲ್ಡರನ್ನು ಸಿ ಡ್ರೈವ್‌ಗೆ ಕಾಪಿ ಮಾಡಿ ಅಲ್ಲಿಂದ ಮತ್ತೆ ಸೆಟಪ್ ಓಡಿಸಬೇಕಾ, ಇಲ್ಲಾ ಈಗಿರುವುದನ್ನೇ ಸರಿ ಮಾಡಬಹುದಾ? ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.