ಬಿಲ್ಲು ತಿರುವಿದ್ರ ಹೊಗಿ ಬರ್ತದ, ಕೆಂಡ ಬರೂದಿಲ್ಲ. ಯಾವ ಪುಸ್ತಕ, ಯಾವ ಸಿನಿಮಾ ನಂಬಬೇಕು?

ಮಾಳಮಡ್ಡಿ ಓದುಗ (ಧಾರವಾಡ)

ನಮಸ್ಕಾರ್ರಿ ಎಲ್ಲಾರಿಗೂ. ಹೈಸ್ಕೂಲ್ ಹುಡುಗರ ಒಂದು ಗುಂಪಿಗೆ ತಿಂಗಳಿಗೊಂದು ಭಾನುವಾರ ಆದಿಮಾನವರ ಕೈಕೆಲಸ ಕಲಿಸೂದದ. ಕಡ್ಡಿಪೆಟ್ಟಿಗಿ ಇಲ್ಲದ ಬೆಂಕಿ ಮಾಡೂದು, ನಾರಿನ ಹಗ್ಗ ಹೊಸಿಯೂದು, ಗಡಿಗಿ ಸುಡೂದು, ಕಲ್ಲಿನ ಅಲಗು ಮಾಡೂದು. ಜಾಗ ನವಲಗುಂದ ರಸ್ತೆ ಕಡೆ ಒಂದು ಹೊಲ, ಪೂರಾ ಎರಿ ಭೂಮಿ. ಮೊದಲ ಒಂದು ಸಿನಿಮಾ ತೋರಿಸಬೇಕು ಇಲ್ಲಾ ಪುಸ್ತಕದ ಒಂದು ಅಧ್ಯಾಯ ಓದಬೇಕು, ಆಮ್ಯಾಲೆ ಅದನ್ನ ಕೈಯಿಂದ ಮಾಡಿ ನೋಡಬೇಕು ಅಂತ ವಿಚಾರ.

ಬಿಲ್ಲಿನ ಹಗ್ಗ ಕಡ್ಡಿಗೆ ಸುತ್ತಿ, ಕಡ್ಡಿನ ಹಲಗಿ ಮ್ಯಾಲೆ ತಿರುವಿ ಬೆಂಕಿ ತಗಿಯೂ ಪದ್ಧತಿ ಇದು. ಪುಸ್ತಕದಾಗ ಇದ್ದಂಗ ಬಿಲ್ಲು, ತಿರುಗೂ ಕಡ್ಡಿ, ಕೆಳಗಿನ ಹಲಗಿ ಎಲ್ಲಾ ಆಗ್ಯಾವ. ಎರಡೂ ಜಾಲಿ ಕಟಗಿ. ಕಿರ್ ಅಂತ ಸಪ್ಪಳ ಆಗ್ತದ, ತೂತು ಗಾಜಿನಂಗ ಹೊಳೀತದ, ತಿಳಿ ಕಂದು ಪುಡಿ ಸ್ವಲ್ಪ ಬೀಳ್ತದ, ಅಷ್ಟ. ತಪ್ಪು ಎಲ್ಲಿ ಅದ? ನಮ್ಮ ನೆಲಕ್ಕ ಹೊಂದೂ ಪುಸ್ತಕ, ಹುಡುಗರಿಗೆ ತೋರಿಸಬಹುದಾದ ಸಿನಿಮಾ ಯಾವುವು?

ಬೆಣಚುಕಲ್ಲು (ಗದಗ)

ತಪ್ಪು ಜಾಲಿಯೊಳಗ ಐತ್ರಿ. ಬಿರುಸು ಕಟಗಿ ಸವಿಯೂದಿಲ್ಲ, ನುಣುಪಾಗತೈತಿ. ಕಿರ್ ಅನ್ನೂ ಸಪ್ಪಳ ಅದರದ್ದ. ಕೆಂಡ ಹುಟ್ಟೂದು ಸವದು ಬಿದ್ದ ಪುಡಿಯೊಳಗ, ಹಲಗಿಯೊಳಗಲ್ಲ. ಪುಡಿ ಕೊಡದ ಕಟಗಿ ಎಷ್ಟು ತಿರುವಿದ್ರೂ ತೋಳು ನೋವಷ್ಟ ಕೊಡತೈತಿ.

ಹೆಬ್ಬೆರಳಿನ ಉಗುರು ಒತ್ತಿದ್ರ ಗುರುತು ಬೀಳಬೇಕು, ಮುರದ್ರ ಲಟ್ ಅನ್ನಬೇಕು. ಅಂಥ ಕಟಗಿ ಹುಡುಕ್ರಿ. ಬೂರಗ, ಹಾಲವಾಣದಿಂದ ಶುರು ಮಾಡ್ರಿ. ಜಾಲಿ ಬಿರುಸು, ಸಾಗವಾನಿಯೊಳಗ ಎಣ್ಣಿ ಅಂಶ ಐತಿ, ಎರಡೂ ಬ್ಯಾಡ. ಗಿಡದ ಮ್ಯಾಲೆ ಒಣಗಿ ನಿಂತ ಟೊಂಗಿ ತಗೋರಿ. ನೆಲಕ್ಕ ಬಿದ್ದದ್ದು ಎರಿ ಮಣ್ಣಿನ ತೇವ ಕುಡದಿರತೈತಿ.

ಅಳತಿ: ಹಲಗಿ ಒಂದೂವರಿ ಸೆಂ.ಮೀ. ದಪ್ಪ. ಕಡ್ಡಿ 2 ಸೆಂ.ಮೀ. ದಪ್ಪ, 20ರಿಂದ 25 ಸೆಂ.ಮೀ. ಉದ್ದ, ನೆಟ್ಟಗಿರಬೇಕು. ಬಿಲ್ಲು 60–70 ಸೆಂ.ಮೀ., ಸ್ವಲ್ಪ ಬಾಗು ಸಾಕು. ಮೊದಲ ತಿರುವಿ ತೂತಿನ ಗುರುತು ಮಾಡ್ಕೊಂಡು, ಆಮ್ಯಾಲೆ ಹಲಗಿಯ ಅಂಚಿನಿಂದ ತೂತಿನ ನಡುವಿನ ಹತ್ತಿರದ ತನಕ ಒಂದು ಕಚ್ಚು ಕೊಯ್ಯಬೇಕು. ದುಂಡನ ರೊಟ್ಟಿಯನ್ನ ಎಂಟು ಪಾಲು ಮಾಡಿ ಒಂದು ಪಾಲು ತೆಗೆದಂಗ. ಕಚ್ಚು ಇಕ್ಕಟ್ಟಾದ್ರ ಪುಡಿ ಗಿಡದು ಗಾಳಿ ಆಡೂದಿಲ್ಲ, ಅಗಲಾದ್ರ ಪುಡಿ ಚೆಲ್ಲಿ ಆರತೈತಿ. ಹತ್ತರಾಗ ಆರು ಸಲ ಕೆಡೂದು ಈ ಕಚ್ಚಿನೊಳಗ.

ಕಡ್ಡಿಯನ್ನ ಮ್ಯಾಲಿಂದ ಒತ್ತಿ ಹಿಡಿಯೂ ಹಿಡಿಯೊಳಗ ಹೊಗಿ ಬಂದ್ರ ನಿಮ್ಮ ಶಕ್ತಿ ಅಲ್ಲೇ ಸೋರಾಕತ್ತೈತಿ. ಕಡ್ಡಿಯ ಮ್ಯಾಲಿನ ತುದಿಗೆ ಒಂದು ಹನಿ ಔಡಲೆಣ್ಣಿ ಹಚ್ಚಿ, ಆ ತುದಿಗೆ ಚಾಕುವಿನಿಂದ ಗುರುತು ಮಾಡ್ರಿ. ತಪ್ಪಿ ಎಣ್ಣಿ ತುದಿ ಕೆಳಗ ಹೋದ್ರ ಆ ತೂತು ಕೆಟ್ಟಂಗ, ಹೊಸ ತೂತು ಬೇಕು.

ಹೊಗಿ ಬರೂತನಕ ಹಗುರ ಒತ್ತಿ, ಬಿಲ್ಲಿನ ಪೂರಾ ಉದ್ದ ಬಳಸಿ ನಿಧಾನ ಎಳೀರಿ. ಹೊಗಿ ದಟ್ಟಾದ ಮ್ಯಾಲೆ ಜೋರು ಒತ್ತಿ 30–40 ಎಳತ. ಪುಡಿ ತಿಳಿ ಕಂದು ಇದ್ರ ಒತ್ತು, ವೇಗ ಸಾಲಲಿಲ್ಲ ಅಂತ. ಉಂಡಿ ಉಂಡಿ ದಪ್ಪಾಗಿ ಬಂದ್ರ ಒತ್ತು ಹೆಚ್ಚಾತು. ಕಾಫಿ ಪುಡಿಯಂಗ ಕಪ್ಪಾಗಿ ಸಣ್ಣಾಗಿ ಬಂದ್ರ ಛಲೋ. ಕಡ್ಡಿ ತಗದ ಮ್ಯಾಲೂ ಪುಡಿ ತಾನ ಹೊಗಿ ಬಿಟ್ರ ಕೆಂಡ ಹುಟ್ಟೇತಿ. ಆವಾಗ ಊದಬ್ಯಾಡ್ರಿ. ಅರ್ಧ ನಿಮಿಷ ಬಿಟ್ಟು ಕೈಯಿಂದ ಗಾಳಿ ಹಾಕಿ, ಆಮ್ಯಾಲೆ ತಿಕ್ಕಿ ಸಣ್ಣ ಮಾಡಿದ ತೆಂಗಿನ ನಾರಿನ ಗೂಡಿಗೆ ಇಳಸ್ರಿ.

ಪುಸ್ತಕದ ಮಾತು. ಕೆನಡಾದ ಮೋರ್ಸ್ ಕೊಚಾನ್ಸ್ಕಿ ಅವರ ‘ಬುಶ್‌ಕ್ರಾಫ್ಟ್’ ಒಳಗ ಚಾಕು, ಕೊಡಲಿ ಹಿಡಿಯೂ ರೀತಿ ಬರದಂಗ ಬ್ಯಾರೆ ಕಡೆ ಇಲ್ಲ. ಆ ಅಧ್ಯಾಯ ಎಲ್ಲಿಗೂ ಹೊಂದತೈತಿ. ಗಿಡಗಳ ಭಾಗ ಹಿಮದ ನಾಡಿಂದು, ಬಿಟ್ಟುಬಿಡ್ರಿ. ನಮ್ಮ ಬಯಲಿಗೆ ಹತ್ತಿರದ್ದು ಲ್ಯಾರಿ ಡೀನ್ ಓಲ್ಸನ್ 1967ರೊಳಗ ತಂದ ‘ಔಟ್‌ಡೋರ್ ಸರ್ವೈವಲ್ ಸ್ಕಿಲ್ಸ್’. ಅವರು ಕಲಿಸಿದ್ದು ಅಮೆರಿಕದ ಯೂಟಾದ ಒಣ ನಾಡಿನೊಳಗ. 1986ರ ಎಸ್‌ಎಎಸ್ (ಬ್ರಿಟಿಷ್ ಸೈನ್ಯದ ವಿಶೇಷ ದಳ) ಕೈಪಿಡಿ ಎಲ್ಲಾರ ಮನ್ಯಾಗೂ ಇರತೈತಿ, ಆದ್ರ ಅದರೊಳಗ ಎಲ್ಲಾ ವಿಷಯ ಸ್ವಲ್ಪ ಸ್ವಲ್ಪ. ಗೊತ್ತಿದ್ದವರು ನೆನಪು ಮಾಡ್ಕೊಳ್ಳಾಕ ಛಲೋ, ಹೊಸಬರು ಕಲಿಯಾಕ ಸಾಲೂದಿಲ್ಲ.

ಕಡಗೋಲು (ಧಾರವಾಡ)

ಬೆಂಕಿ ಪಾಠಕ್ಕ ಕೆನಡಾದ ಪುಸ್ತಕಕ್ಕಿಂತ ಮೊದಲ ಅರಣಿ (ತಿರುವಿ ಬೆಂಕಿ ತಗಿಯೂ ಕಟಗಿ) ತೋರಿಸ್ರಿ. ಯಜ್ಞದ ಬೆಂಕಿಗೆ ಕೆಳಗೊಂದು ಅರಣಿ, ಮ್ಯಾಲೊಂದು ಅರಣಿ. ಬನ್ನಿ ಗಿಡದ ಮ್ಯಾಲೆ ಹುಟ್ಟಿದ ಅರಳಿ ಗಿಡದ ಕಟಗಿ ಅದಕ್ಕ ಶ್ರೇಷ್ಠ ಅಂತ ಶಾಸ್ತ್ರ ಹೇಳ್ತದ. ಅರಳಿ ಮೆತ್ತಗಿನ ಕಟಗಿ ಅಂಬೂದನ್ನ ನೋಡ್ರಿ, ಉಗುರಿನ ಪರೀಕ್ಷೆಗೂ ಇದಕ್ಕೂ ಹೊಂದಿಕಿ ಆಗ್ತದ. ಒಬ್ಬರು ಮ್ಯಾಲಿಂದ ಒತ್ತಿ ಹಿಡೀಬೇಕು, ಇನ್ನೊಬ್ಬರು ಕಡ್ಡಿಗೆ ಸುತ್ತಿದ ಹಗ್ಗಾನ ಮಜ್ಜಿಗಿ ಕಡದಂಗ ಎಳೀಬೇಕು. ಹುಡುಗರಿಗೆ ಇದು ಬಿಲ್ಲಿಗಿಂತ ಸಲೀಸು, ಯಾಕಂದ್ರ ಒತ್ತೂ ಕೆಲಸ ತಿರುವೂ ಕೆಲಸ ಬ್ಯಾರೆ ಬ್ಯಾರೆ ಕೈಯಾಗ ಇರ್ತಾವ. ಬನ್ನಿ, ಅರಳಿ ಎರಡೂ ಪೂಜಿ ಮಾಡೂ ಗಿಡ. ಕಡಿಯೂದು ಬ್ಯಾಡ, ಒಣಗಿ ಮುರದ ಟೊಂಗಿ ಕೇಳಿ ತಗೊಂಡ್ರ ಸಾಕು. 1975ರಾಗ ಕೇರಳದ ಪಾಂಜಾಳದಾಗ ನಂಬೂದಿರಿಗಳು 12 ದಿನ ನಡಸಿದ ಅಗ್ನಿಚಯನ ಯಜ್ಞವನ್ನ ರಾಬರ್ಟ್ ಗಾರ್ಡ್‌ನರ್, ಫ್ರಿಟ್ಸ್ ಸ್ಟಾಲ್ ಚಿತ್ರ ಮಾಡ್ಯಾರ, ಹೆಸರು ‘ಆಲ್ಟರ್ ಆಫ್ ಫೈರ್’.

ಕಥಾಚಿತ್ರದಾಗ ಒಂದ ಒಂದು ತೋರಿಸೂದಿದ್ರ ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ದೆರ್ಸು ಉಜಾಲಾ’ (1975). ರಷ್ಯಾದ ಸರ್ವೇ ಅಧಿಕಾರಿಗೆ ದಾರಿ ತೋರಿಸೂ ಕಾಡಿನ ಬೇಟೆಗಾರ ದೆರ್ಸುನ ಕಥಿ ಅದು. ಹೆಪ್ಪುಗಟ್ಟಿದ ಕೆರಿ ಮ್ಯಾಲೆ ಗಾಳಿ ಏಳ್ತದ, ಹೊತ್ತು ಮುಳಗ್ಲಿಕ್ಕೆ ಬಂದದ, ದಾರಿ ತಪ್ಪ್ಯದ. ದೆರ್ಸು ದಾರಿ ಹುಡುಕೂದು ಬಿಟ್ಟು ಹುಲ್ಲು ಕೊಯ್ಯಲಿಕ್ಕೆ ಹಚ್ಚತಾನ. ಸರ್ವೇ ಮಾಡೂ ಮುಕ್ಕಾಲಿಯ ಮ್ಯಾಲೆ ಹುಲ್ಲು ಒಟ್ಟಿ ಗುಡಿಸಲಾಗ್ತದ. ಮೊದಲ ಆಸರಾ, ಬೆಂಕಿ ನೀರು ಊಟ ಆಮ್ಯಾಲೆ. ಈ ಕ್ರಮ ಅಷ್ಟು ಸ್ಪಷ್ಟ ತೋರಿಸಿದ ದೃಶ್ಯ ಇನ್ನೊಂದಿಲ್ಲ. ಆ ಹತ್ತು ನಿಮಿಷ ಎರಡು ಸಲ ತೋರಿಸ್ರಿ, ಎರಡನೇ ಸಲ ಹುಲ್ಲಿನ ದಪ್ಪ ಎಷ್ಟು ಅಂತ ನೋಡ್ಲಿಕ್ಕೆ ಹೇಳ್ರಿ.

ಉತ್ತರ ಕೆನಡಾದ ಇನುಯಿಟ್ (ಹಿಮದ ನಾಡಿನ ಮೂಲನಿವಾಸಿ) ಮಂದಿಯ ಮ್ಯಾಲೆ ಮಾಡಿದ ‘ನಾನೂಕ್ ಆಫ್ ದ ನಾರ್ತ್’ (1922) ತೋರಿಸಿದ್ರ ಒಂದು ಮಾತು ಹೇಳಲೇಬೇಕು. ಒಳಗ ಬೆಳಕು ಸಾಲೂದಿಲ್ಲ ಅಂತ ಕ್ಯಾಮೆರಾ ಸಲುವಾಗಿ ಹಿಮದ ಮನಿಯ ಒಂದು ಬಾಜು ತೆರದ ಕಟ್ಟಿದ್ರು. ಬಂದೂಕು ಆವಾಗಲೇ ಬಳಕಿಯಾಗಿತ್ತು, ಚಿತ್ರಕ್ಕ ಹಳೇ ಈಟಿ ಹಿಡಿಸಿದ್ರು. ಅದ ನಾಡಿನ ಬದುಕನ್ನ ಇನುಯಿಟ್ ಮಂದಿ ತಮ್ಮ ಮಾತಿನಾಗ ತಾವ ಮಾಡಿದ ‘ಅಟನಾರ್ಜುವಾಟ್’ (2001) ಜೊತಿಗಿಟ್ಟು ನೋಡಿದ್ರ ಹೊರಗಿನವರ ಕಣ್ಣಿಗೂ ಒಳಗಿನವರ ಕಣ್ಣಿಗೂ ಇರೂ ಫರಕು ತಿಳೀತದ. ಅದರಾಗ ದೊಡ್ಡವರ ದೃಶ್ಯ ಅವ, ಹುಡುಗರಿಗೆ ಆರಿಸಿ ತೋರಿಸ್ರಿ.

‘ಕಾಸ್ಟ್ ಅವೇ’ (2000) ಚಿತ್ರದಾಗ ಕಡ್ಡಿ ತಿರುವಿ ಸೋತವ, ಸೀಳಿದ ಕಟಗಿಯಾಗ ಗಾಳಿ ಆಡ್ತದ ಅಂತ ತಿಳದ ಮ್ಯಾಲೆ ಗೆಲ್ತಾನ. ಮ್ಯಾಲೆ ಬೆಣಚುಕಲ್ಲು ಅವರು ಹೇಳಿದ ಕಚ್ಚಿನ ಪಾಠ ಅದ.

ಯೂಟ್ಯೂಬ್‌ನಾಗ ಜಾನ್ ಪ್ಲಾಂಟ್ ಅವರ ‘ಪ್ರಿಮಿಟಿವ್ ಟೆಕ್ನಾಲಜಿ’ ಒಂದನ್ನ ನಂಬಬಹುದು. 2015ರಿಂದ ನಡೀತದ, ಜಾಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್. ಮಾತಿಲ್ಲ, ಆದ್ರ ಸಬ್‌ಟೈಟಲ್ ಹಚ್ಚಿದ್ರ ಪ್ರತಿ ಹಂತಕ್ಕ ವಿವರಣೆ ಬರ್ತದ, ಭಾಳ ಮಂದಿಗೆ ಇದು ಗೊತ್ತಿಲ್ಲ. ಅದರ ನಕಲು ಮಾಡಿ ಕಟಗಿ ಕೋಲಿನಿಂದ ಈಜುಕೊಳ ತೋಡಿದ್ವಿ ಅನ್ನೂ ವಿಡಿಯೋಗಳಾಗ ಕ್ಯಾಮೆರಾ ಹಿಂದ ಜೆಸಿಬಿ ಇರ್ತದ. ಹುಡುಗರಿಗೆ ತೋರಿಸಬ್ಯಾಡ್ರಿ.

ಪುಂಡಿನಾರು (ಹಾವೇರಿ)

ಬಿಲ್ಲಿನ ಹಗ್ಗಕ್ಕ ನೈಲಾನ್ ಯಾಕ್ರಿ, ಪುಂಡಿ ಐತಲ್ಲ. ಹೂವು ಬಿಡೂ ಹೊತ್ತಿಗೆ ಕೊಯ್ಯಬೇಕು, ಬೀಜ ಕಟ್ಟಿದ ಮ್ಯಾಲೆ ನಾರು ಒರಟಾಗತೈತಿ. ಸೂಡು ಕಟ್ಟಿ ಎರಡು ದಿನ ನಿಲ್ಲಿಸಿ, ಎಲಿ ಉದುರಿದ ಮ್ಯಾಲೆ ನೀರಾಗ ಮುಳಗಿಸಿ ಕಲ್ಲು ಹೇರ್ರಿ. ಮಣ್ಣಿನ ಹೆಂಟಿ ಹೇರಿದ್ರ ನಾರು ಕಪ್ಪಾಗತೈತಿ. ಬ್ಯಾಸಿಗಿ ನೀರಾಗ 10–15 ದಿನ, ಥಂಡಿಯೊಳಗ ಇನ್ನೂ ಹೆಚ್ಚು. ಎಂಟನೇ ದಿನದಿಂದ ದಿನಾ ಒಂದು ದಂಟು ತಗದು ಬುಡದಿಂದ ತೊಗಟಿ ಸುಲದು ನೋಡ್ರಿ. ಸಲೀಸು ಬಂದ್ರ ಅವತ್ತ ತಗೀಬೇಕು, ಎರಡು ದಿನ ಬಿಟ್ರ ನಾರು ಪಿಸದು ಹೋಗತೈತಿ. ದನ ಕುಡಿಯೂ ಕೆರಿಯಾಗ ಹಾಕಬ್ಯಾಡ್ರಿ. ಕೊಳಿಯೂವಾಗ ನೀರು ನಾರತೈತಿ, ಮೀನು ಸಾಯ್ತಾವ. ಬ್ಯಾರೆ ಹೊಂಡ ಬೇಕು.

ಎರಡೆಳಿ ಹೊಸಿಯೂವಾಗ ಪ್ರತಿ ಎಳಿಯನ್ನ ಬಲಕ್ಕ ತಿರುವಿ, ಎರಡನ್ನೂ ಕೂಡಿಸಿ ಎಡಕ್ಕ ಸುತ್ತಬೇಕು. ಆವಾಗ ಒಂದನ್ನೊಂದು ಬಿಡದಂಗ ಹಿಡಕೊಂತಾವ. ಹೊಸ ನಾರು ಸೇರಿಸೂ ಜಾಗ ಎರಡೂ ಎಳಿಯೊಳಗ ಒಂದ ಕಡೆ ಬಂದ್ರ ಹಗ್ಗ ಅಲ್ಲೇ ಹರಿಯೂದು. ಒಂದೊಂದು ಗೇಣು ಹಿಂದ ಮುಂದ ಇರ್ಲಿ. ಬಿಲ್ಲಿಗೆ 4–5 ಮಿ.ಮೀ. ದಪ್ಪ ಸಾಕು. ಕತ್ತಾಳಿ ನಾರೂ ಗಟ್ಟಿ, ಆದ್ರ ಹಸಿ ಎಲಿಯ ರಸ ಮೈಗೆ ತಾಗಿದ್ರ ವಿಪರೀತ ತುರಸತೈತಿ. ಹುಡುಗರ ಕೈಗೆ ಕೊಡಬ್ಯಾಡ್ರಿ.

ಗಡಿಗಿಗೆ ನಿಮ್ಮ ಎರಿ ಮಣ್ಣು ಹಂಗ ಬಳಸಿದ್ರ ಸೀಳತೈತಿ. ಬ್ಯಾಸಿಗಿಯಾಗ ಹೊಲ ಹೆಂಗ ಬಿರಕು ಬಿಡತೈತಿ, ಗಡಿಗಿನೂ ಹಂಗ. ಕೆರಿ ಮಣ್ಣು ತಂದು ಹಸಿ ಪಟ್ಟಿ ಮ್ಯಾಲೆ 10 ಸೆಂ.ಮೀ. ಗೆರಿ ಕೊರೀರಿ. ಒಣಗಿದ ಮ್ಯಾಲೆ ಗೆರಿ 9 ಸೆಂ.ಮೀ.ಕ್ಕಿಂತ ಕಡಿಮಿ ಆದ್ರ ಮಣ್ಣು ಭಾಳ ಜಿಗುಟು. ಹಳೇ ಹಂಚು ಕುಟ್ಟಿ ಸಾಣಿಗಿ ಹಿಡದ ಪುಡಿ, ನಾಕು ಪಾಲಿಗೆ ಒಂದು ಪಾಲು ಕೂಡಸ್ರಿ. ಸಣ್ಣ ಸುಣ್ಣದ ಹರಳು ಒಂದೂ ಉಳೀಬಾರ್ದು. ಸುಟ್ಟ ಮ್ಯಾಲೆ ಆ ಹರಳು ಗಾಳಿಯ ತೇವ ಹೀರಿ ಉಬ್ಬಿ, ನಾಕು ದಿನ ಬಿಟ್ಟು ಗಡಿಗಿಯ ಮೈ ಚಕ್ಕಳಿ ಏಳತೈತಿ. ಸುಡೂದು ಬರಲಿಲ್ಲ ಅಂತ ಮಂದಿ ತಿಳಕೊಂತಾರ, ತಪ್ಪು ಮಣ್ಣು ಸೋಸೂದರಾಗ ಇರತೈತಿ.

ನೆರಳಾಗ ಒಂದು ವಾರ, ಬಿಸಲಾಗ ಒಂದು ದಿನ, ಬೆಂಕಿ ಬಾಜೂಕ ಎರಡು ತಾಸು ಹೊಳ್ಳಿಸಿ ಹೊಳ್ಳಿಸಿ ಕಾಯಿಸಿ, ಆಮ್ಯಾಲೆ ಕುಳ್ಳು, ಹತ್ತಿ ಕಟಗಿ ಒಟ್ರಿ. ಒಳಗ ನೀರು ಉಳದ್ರ ಆವಿಯಾಗಿ ಢಂ ಅಂತ ಸಿಡೀತೈತಿ. ಗಡಿಗಿ ಮೈ ಕೆಂಪಗ ಕಾಣೂತನಕ ಉರೀಬೇಕು, ಅಂದಾಜು 600 ಡಿಗ್ರಿ ದಾಟಬೇಕು. ಅಷ್ಟು ಆಗಲಿಲ್ಲಂದ್ರ ನೀರು ಹಾಕಿದ ಕೂಡ್ಲೇ ಮತ್ತ ಮಣ್ಣಾಗತೈತಿ. ರಾತ್ರಿ ಪೂರಾ ಬೂದಿಯೊಳಗ ಆರ್ಲಿ.

ಮಾಳಮಡ್ಡಿ ಓದುಗ

ಭಾಳ ಉಪಕಾರ ಆತ್ರಿ. ಇನ್ನೆರಡು ಮಾತು. ಕಲ್ಲಿನ ಅಂಚು ಒತ್ತಿ ಚಕ್ಕಿ ಬಿಡಿಸಿ ಅಲಗು ಮಾಡ್ಲಿಕ್ಕೆ ಪುಸ್ತಕದಾಗ ಜಿಂಕಿ ಕೊಂಬು ಬೇಕಂತ ಅದ, ಎಲ್ಲಿ ಸಿಗ್ತದ? ಮತ್ತ ಒಂದು ದಿನ ಕಪ್ಪತಗುಡ್ಡಕ್ಕ ಕರಕೊಂಡು ಹೋಗಿ ಇದನ್ನೆಲ್ಲಾ ಮಾಡಿಸಬಹುದಾ?

ಚಿಲುಮೆ (ಮುಂಡರಗಿ)

ಜಿಂಕೆ ಕೊಂಬು ಹುಡುಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ತಾನಾಗಿ ಉದುರಿದ್ದು, ಹೊಲದಲ್ಲಿ ಸಿಕ್ಕಿದ್ದು ಎಂದರೂ ನಡೆಯುವುದಿಲ್ಲ. ಆರು ಮಿ.ಮೀ. ತಾಮ್ರದ ತಂತಿಯನ್ನು ಕಟ್ಟಿಗೆಯ ಹಿಡಿಗೆ ಕೂರಿಸಿ ತುದಿ ಮೊಂಡಾಗಿ ಉಜ್ಜಿದರೆ ಅದೇ ಕೆಲಸ ಆಗುತ್ತದೆ. ಕಲ್ಲಿನ ಬದಲು ಬಾಟಲಿಯ ತಳದ ಗಾಜಿನಿಂದ ಶುರು ಮಾಡಿ. ಕ್ಯಾಲಿಫೋರ್ನಿಯಾದ ಯಾಹಿ ಜನರಲ್ಲಿ ಕೊನೆಗೆ ಉಳಿದ ಇಶಿ ಕೂಡ ಗಾಜಿನಿಂದ ಬಾಣದ ಮೊನೆ ಮಾಡುತ್ತಿದ್ದ. ಅವನ ಬಗ್ಗೆ ಥಿಯೊಡೋರಾ ಕ್ರೋಬರ್ 1961ರಲ್ಲಿ ಬರೆದ ‘ಇಶಿ ಇನ್ ಟೂ ವರ್ಲ್ಡ್ಸ್’ ದೊಡ್ಡ ಹುಡುಗರಿಗೆ ಓದಿಸಬೇಕಾದ ಪುಸ್ತಕ. ಅಲಗು ಬಿಡಿಸುವಾಗ ಕನ್ನಡಕ, ಅಂಗೈಗೆ ದಪ್ಪ ಚರ್ಮದ ತುಂಡು ಬೇಕೇ ಬೇಕು. ಗಾಳಿ ಬೆನ್ನಿಗೆ ಇರುವಂತೆ ಬಯಲಲ್ಲಿ ಕೂರಿಸಿ, ಆ ಧೂಳು ಪುಪ್ಪುಸಕ್ಕೆ ಹೋಗಬಾರದು.

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ಬೆಂಕಿ, ಕಡಿಯುವುದು, ಕೀಳುವುದು ಯಾವುದೂ ಕೂಡದು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮಕ್ಕೂ ಇದೇ ಮಾತು. ಇಲಾಖೆಯ ಅನುಮತಿ ಪಡೆದು ಗಿಡ ಗುರುತಿಸಲು ಹೋಗಿ, ಕೈಕೆಲಸ ಹೊಲದಲ್ಲೇ ಇರಲಿ. ಅಲ್ಲೂ ಬೆಂಕಿಯ ಸುತ್ತ ಮೂರು ಮೀಟರ್ ಹುಲ್ಲು ಕೆರೆದು, ಎರಡು ಕೊಡ ನೀರು ಪಕ್ಕದಲ್ಲಿಟ್ಟುಕೊಳ್ಳಿ. ಪುಸ್ತಕಗಳಲ್ಲಿರುವ ಉರುಲು, ಬೋನಿನ ಅಧ್ಯಾಯ ಪೂರ್ತಿ ಬಿಡಿ. ಸ್ವಂತ ಹೊಲದಲ್ಲಿ ಮೊಲಕ್ಕೆ ಉರುಲು ಹಾಕಿದರೂ ಅದು ಬೇಟೆಯೇ.

ನೀರಿನ ವಿಷಯದಲ್ಲಿ ಪುಸ್ತಕಗಳು ಹೇಳದ ಒಂದು ಮಾತು ನಮ್ಮ ಕಡೆ ಬೇಕು. ಕುದಿಸಿದರೆ ಕ್ರಿಮಿ ಸಾಯುತ್ತವೆ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಆದರೆ ಮುಂಡರಗಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಅಂಥ ಊರಲ್ಲಿ ಮಳೆನೀರೇ ಗತಿ. ಗುಂಡಿ ತೋಡಿ ಪ್ಲಾಸ್ಟಿಕ್ ಹೊದಿಸಿ ನೀರು ಹಿಡಿಯುವ ಚಿತ್ರ ಎಲ್ಲ ಕೈಪಿಡಿಗಳಲ್ಲೂ ಇದೆ. ನಮ್ಮ ಒಣ ನೆಲದಲ್ಲಿ ತೋಡುವಾಗ ಸುರಿಯುವ ಬೆವರಿಗಿಂತ ಅದರಲ್ಲಿ ಸಿಗುವ ನೀರು ಕಡಿಮೆ.

ಗಿಡ ತಿಂದು ಪರೀಕ್ಷಿಸುವ ಸೈನ್ಯದ ಪದ್ಧತಿಯನ್ನು ಹುಡುಗರಿಗೆ ಹೇಳಲೇಬೇಡಿ. ತುಟಿಗೆ ಸವರಿ, ಚೂರು ತಿಂದು, ತಾಸುಗಟ್ಟಲೆ ಕಾಯುವ ಕ್ರಮ ಅದು. ಅಣಬೆಯ ವಿಷ ತಡವಾಗಿ ಏರುತ್ತದೆ, ಅಲ್ಲಿ ಈ ಪರೀಕ್ಷೆ ಸೋಲುತ್ತದೆ. ಹತ್ತರಕಿ, ಗೋಳಿ ಪಲ್ಯ, ಬಾರಿಹಣ್ಣು, ಕವಳಿಹಣ್ಣು ಇಷ್ಟನ್ನು ಊರಿನ ಹೆಣ್ಣುಮಕ್ಕಳಿಂದ ಕಲಿಸಿದರೆ ಸಾಕು. ಜೊತೆಗೆ ವಿಷದ ಗಿಡಗಳಾದ ಮದಗುಣಕಿ, ಗುಲಗಂಜಿ, ಕಣಗಿಲ ಗುರುತಿಸಲು ಕಲಿಯಬೇಕು. ಕಣಗಿಲದ ಕಡ್ಡಿಗೆ ಏನನ್ನೂ ಚುಚ್ಚಿ ಸುಡಬಾರದು. ಎಕ್ಕೆ, ಕಳ್ಳಿಯ ಹಾಲು ಕಣ್ಣಿಗೆ ಬೀಳಬಾರದು.

ಬೆಣಚುಕಲ್ಲು (ಗದಗ)

ಕೊನಿಗೊಂದು ಸೇರಿಸ್ತೀನ್ರಿ. ಜೂನ್‌ದಿಂದ ಸೆಪ್ಟೆಂಬರ್ ತನಕ ಕಟಗಿ ತೇವ ಹೀರಿರತೈತಿ, ತಿರುವಿ ಬೆಂಕಿ ತಗಿಯೂದು ಹೊಸಬರಿಗೆ ಆಗೂದಿಲ್ಲ. ಆ ನಾಕು ತಿಂಗಳು ಚಕಮಕಿ ಪಾಠ ಇಡ್ರಿ. ಹಳೇ ಕಾನಸಿನ (ಉಕ್ಕಿನ ಅರ) ತುಂಡು, ಚೂಪು ಅಂಚಿನ ಬೆಣಚುಕಲ್ಲು. ಮೆತ್ತಗಿನ ಕಬ್ಬಿಣ, ಸ್ಟೇನ್‌ಲೆಸ್ ಚಮಚೆ ಕಿಡಿ ಕೊಡೂದಿಲ್ಲ. ಹಳೇ ಹತ್ತಿ ಅರಿವಿ ತುಂಡು ಡಬ್ಬಿಯೊಳಗ ಹಾಕಿ, ಮುಚ್ಚಳಕ್ಕ ಮೊಳಿ ಗಾತ್ರದ ಒಂದು ತೂತು ಮಾಡಿ ಕೆಂಡದ ಮ್ಯಾಲಿಡ್ರಿ. ತೂತಿನಿಂದ ಹೊಗಿ ನಿಂತ ಮ್ಯಾಲೆ ತಗದು ತೂತು ಮುಚ್ಚಿ, ಪೂರಾ ಆರೂತನಕ ಮುಚ್ಚಳ ತಗೀಬ್ಯಾಡ್ರಿ. ಬಿಸಿ ಇದ್ದಾಗ ತಗದ್ರ ಗಾಳಿ ಹೊಕ್ಕು ಅರಿವಿ ಬೂದಿಯಾಗತೈತಿ. ಕಪ್ಪಾದ ಅರಿವಿಯನ್ನ ಕಲ್ಲಿನ ಅಂಚಿನ ಮ್ಯಾಲೆ ಹೆಬ್ಬೆರಳಿನಿಂದ ಹಿಡದು, ಕಾನಸಿನಿಂದ ಮ್ಯಾಲಿಂದ ಕೆಳಗ ಸವರಿ ಹೊಡೀರಿ. ಕಲ್ಲಿನ ಅಂಚು ಮೊಂಡಾದ್ರ ಕಿಡಿ ನಿಲ್ಲತಾವ, ಹೊಸ ಅಂಚು ಒಡಕೋರಿ.