ಫಾರ್ಮ್‌ನಲ್ಲಿ ಹೆಸರಿನ ಮಧ್ಯೆ ಬ್ಯಾಕ್‌ಸ್ಲ್ಯಾಶ್ ಬರುತ್ತಿದೆ, ತಡೆಯುವುದು ಹೇಗೆ?

ಕರಾವಳಿ_ಕೋಡ್:
ಮಂಗಳೂರಿನ ಒಂದು ಸಂಘಕ್ಕೆ ವರ್ಡ್‌ಪ್ರೆಸ್‌ನಲ್ಲಿ ಸದಸ್ಯತ್ವದ ಫಾರ್ಮ್ ಮಾಡಿದ್ದೇನೆ, ಪ್ಲಗಿನ್ ನನ್ನದೇ, ಪಿಎಚ್‌ಪಿ 8.1. ಡಿ'ಸೋಜಾ ಅಂತ ಟೈಪ್ ಮಾಡಿದರೆ ಡೇಟಾಬೇಸ್‌ನಲ್ಲಿ ಡಿ\'ಸೋಜಾ ಅಂತ ಕೂರುತ್ತದೆ. ಎಡಿಟ್‌ಗೆ ಹೋಗಿ ಸುಮ್ನೆ ಸೇವ್ ಒತ್ತಿದರೂ ಸಾಕು, ಡಿ\\\'ಸೋಜಾ. ಇನ್ನೊಮ್ಮೆ ಒತ್ತಿದರೆ ಏಳು ಸ್ಲ್ಯಾಶ್! ನಮ್ಮೂರಲ್ಲಿ ಡಿ'ಸೋಜಾ, ಡಿ'ಸಿಲ್ವಾ ಇಲ್ಲದ ಪಟ್ಟಿ ಎಲ್ಲಿದೆ ಹೇಳಿ. ಏನು ಮಾಡಲಿ?

ಹಳೇ_ಸರ್ವರ್:
ಮ್ಯಾಜಿಕ್ ಕೋಟ್ಸ್ (ಒಳಗೆ ಬರುವ ಡೇಟಾದ ಕೋಟ್ ಚಿಹ್ನೆಗಳ ಮುಂದೆ ಪಿಎಚ್‌ಪಿ ತಾನೇ ಸ್ಲ್ಯಾಶ್ ಹಾಕುವ ಸೆಟ್ಟಿಂಗ್) ಆನ್ ಇರಬೇಕು. ಪಿಎಚ್‌ಪಿ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ ನೋಡಿ.

ಅರ್ಧವಿರಾಮ:
ಗುರುವೇ, ಅದು 2012ರಲ್ಲಿ ಬಂದ ಪಿಎಚ್‌ಪಿ 5.4ರಲ್ಲೇ ಹೋಯಿತು. ಇಲ್ಲಿ ಸ್ಲ್ಯಾಶ್ ಹಾಕುತ್ತಿರುವುದು ವರ್ಡ್‌ಪ್ರೆಸ್. ಆಗೆಲ್ಲ ಮ್ಯಾಜಿಕ್ ಕೋಟ್ಸ್ ಒಂದು ಹೋಸ್ಟ್‌ನಲ್ಲಿ ಆನ್, ಇನ್ನೊಂದರಲ್ಲಿ ಆಫ್ ಇರುತ್ತಿತ್ತು, ಎಲ್ಲ ಕಡೆ ಒಂದೇ ಥರ ಇರಲಿ ಅಂತ ಬ್ರೌಸರ್‌ನಿಂದ ಬರುವ ಗೆಟ್, ಪೋಸ್ಟ್ (ಫಾರ್ಮ್ ಕಳಿಸುವ ಡೇಟಾ), ಕುಕಿ ಎಲ್ಲಕ್ಕೂ ವರ್ಡ್‌ಪ್ರೆಸ್ ತಾನೇ ಸ್ಲ್ಯಾಶ್ ಸೇರಿಸುತ್ತದೆ, ಇವತ್ತಿಗೂ. ಈಗ ಕಿತ್ತರೆ ಅದನ್ನೇ ನೆಚ್ಚಿಕೊಂಡ ಹಳೇ ಪ್ಲಗಿನ್‌ಗಳಲ್ಲಿ ಎಸ್‌ಕ್ಯುಎಲ್ ಇಂಜೆಕ್ಷನ್‌ಗೆ, ಅಂದರೆ ಫಾರ್ಮ್ ಮೂಲಕ ಡೇಟಾಬೇಸ್‌ಗೆ ಕಳ್ಳ ಆದೇಶ ನುಗ್ಗಿಸುವುದಕ್ಕೆ, ದಾರಿ ಆಗುತ್ತದೆ. ನೀವು ಪೋಸ್ಟ್‌ನಿಂದ ಹೆಸರು ಎತ್ತಿಕೊಂಡ ಕೂಡಲೇ ಆ ಸ್ಲ್ಯಾಶ್ ತೆಗೆಯುವ ಡಬ್ಲ್ಯುಪಿ ಅನ್‌ಸ್ಲ್ಯಾಶ್ ಫಂಕ್ಷನ್‌ಗೆ ಕೊಡಿ. ಒಂದೇ ಸಲ. ಆಮೇಲೆ ಸ್ಯಾನಿಟೈಸ್ (ಬೇಡದ್ದನ್ನು ತೆಗೆದು ಶುಚಿ ಮಾಡುವುದು), ಆಮೇಲೆ ಡೇಟಾಬೇಸ್‌ಗೆ ಸೇರಿಸುವ ಡಬ್ಲ್ಯುಪಿಡಿಬಿ ಇನ್ಸರ್ಟ್. ಡೇಟಾಬೇಸ್‌ಗೆ ಬೇಕಾದ ಎಸ್ಕೇಪಿಂಗ್ (ಕೋಟ್ ಚಿಹ್ನೆಯಿಂದ ಆದೇಶ ಕೆಡದಂತೆ ಕಾಯುವುದು) ಅದೇ ನೋಡಿಕೊಳ್ಳುತ್ತದೆ, ನೀವು ಆ್ಯಡ್‌ಸ್ಲ್ಯಾಶಸ್ ಹಾಕಲು ಹೋಗಬೇಡಿ.

ಕರಾವಳಿ_ಕೋಡ್:
ಹೊಸದಾಗಿ ತುಂಬಿದ್ದು ಸರಿಯಾಗಿ ಬರುತ್ತಿದೆ, ಥ್ಯಾಂಕ್ಸ್. ಆಗಲೇ ಕೆಟ್ಟಿರುವ ಹೆಸರುಗಳಿಗೆ? ತೋರಿಸುವಾಗ ಪಿಎಚ್‌ಪಿಯ ಸ್ಲ್ಯಾಶ್ ತೆಗೆಯುವ ಫಂಕ್ಷನ್ ಸ್ಟ್ರಿಪ್‌ಸ್ಲ್ಯಾಶಸ್ ಹಾಕಿಬಿಡಲಾ?

ಫಿಲ್ಟರ್_ಕಾಫಿ:
ಬೇಡ ಮಾರಾಯ್ರೇ. ಏಳಿರುವ ಕಡೆ ಒಂದು ಸಲ ಹಾಕಿದರೆ ಇನ್ನೂ ಮೂರು ಉಳಿಯುತ್ತವೆ, ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಿದರೆ ಏಳಕ್ಕೆ ಏಳೂ ಅಲ್ಲೇ. ಡೇಟಾನೇ ಸರಿ ಮಾಡಿ. ಬ್ಯಾಕಪ್ ತೆಗೆದು, ಹೆಸರಿನ ಕಾಲಂ ಮೇಲೆ ಮಾತ್ರ, ಸ್ಲ್ಯಾಶ್ ಪೂರ್ತಿ ಹೋಗುವವರೆಗೆ ಸ್ಟ್ರಿಪ್‌ಸ್ಲ್ಯಾಶಸ್ ಓಡಿಸಿ. ವಿಳಾಸದ ಕಾಲಂಗೆ ಇದನ್ನು ಓಡಿಸಬೇಡಿ, ಮನೆ ನಂಬರ್ 4\12 ಅಂತ ಬರೆಯುವವರು ಇದ್ದಾರೆ, ಸ್ಲ್ಯಾಶ್ ಹೋದರೆ ಅದು 412 ಆಗುತ್ತದೆ. ಅವನ್ನು ಕೂತು ಕಣ್ಣಲ್ಲೇ ನೋಡಬೇಕು, ಬೇರೆ ದಾರಿ ಇಲ್ಲ.

ಅರ್ಧವಿರಾಮ:
ಹಾಂ, ಪೋಸ್ಟ್ ಮೆಟಾದಲ್ಲಿ (ವರ್ಡ್‌ಪ್ರೆಸ್ ಪ್ರತಿ ಬರಹದ ಜೊತೆ ಇಡುವ ಹೆಚ್ಚುವರಿ ಮಾಹಿತಿಯಲ್ಲಿ) ಸೇವ್ ಮಾಡುತ್ತಿದ್ದರೆ ಲೆಕ್ಕ ಬೇರೆ. ಅಪ್‌ಡೇಟ್ ಪೋಸ್ಟ್ ಮೆಟಾ ಫಂಕ್ಷನ್ ಒಳಗೇ ಒಮ್ಮೆ ಅನ್‌ಸ್ಲ್ಯಾಶ್ ಮಾಡುತ್ತದೆ. ನೀವು ಮೊದಲೇ ತೆಗೆದಿದ್ದರೆ ಅದಕ್ಕೆ ಕೊಡುವ ಮುಂಚೆ ಸ್ಲ್ಯಾಶ್ ಸೇರಿಸುವ ಡಬ್ಲ್ಯುಪಿ ಸ್ಲ್ಯಾಶ್ ಫಂಕ್ಷನ್ ಹಾಕಿ ಕೊಡಿ, ಇಲ್ಲದಿದ್ದರೆ ಬೇಕಿರುವ ಸ್ಲ್ಯಾಶೂ ಮಾಯ.