ಯಾವ ಟೆಸ್ಟ್ ಹಾಕಬೇಕು? ಸಂಖ್ಯಾಶಾಸ್ತ್ರಜ್ಞೆಯೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಂಶೋಧಕರ ಡೇಟಾ ನೋಡಿ ವಿಶ್ಲೇಷಣೆ ಮಾಡಿಕೊಡುವ ಮೇಡಂ ಇವತ್ತು ನಮ್ಮ ಗ್ರೂಪಿನಲ್ಲಿ ಇದ್ದಾರೆ. ಹೈಪಾಥಿಸಿಸ್ ಟೆಸ್ಟಿಂಗ್, ಅಂದರೆ ಡೇಟಾದಲ್ಲಿ ಕಂಡ ವ್ಯತ್ಯಾಸ ಬರೀ ಆಕಸ್ಮಿಕವೋ ಅಲ್ಲವೋ ಅಂತ ಪರೀಕ್ಷಿಸುವುದರ ಬಗ್ಗೆ ಏನು ಬೇಕಾದರೂ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಎಂ.ಎಡ್. ವಿದ್ಯಾರ್ಥಿ: ನಮಸ್ಕಾರ ಮೇಡಂ. ಎರಡು ಗುಂಪು ಇದೆ. ಯಾವ ಟೆಸ್ಟ್ ಹಾಕಲಿ?

ಮೇಡಂ: ನಮಸ್ಕಾರ. ಇಷ್ಟರಲ್ಲೇ ಹೇಳಲು ಆಗುವುದಿಲ್ಲ. ಅಳೆದದ್ದು ಏನು? ಅಂಕದಂಥ ಸಂಖ್ಯೆಯೋ, ಪಾಸು-ಫೇಲಿನಂಥ ಎಣಿಕೆಯೋ? ಗುಂಪುಗಳಲ್ಲಿ ಇರುವವರು ಬೇರೆ ಬೇರೆ ಜನರೋ, ಅಥವಾ ಅದೇ ಜನರನ್ನು ಎರಡು ಸಲ ಅಳೆದಿದ್ದೀರೋ? ಒಟ್ಟು ಎಷ್ಟು ಜನ?

ಎಂ.ಎಡ್. ವಿದ್ಯಾರ್ಥಿ: ಅಂಕ ಮೇಡಂ. ಅದೇ 32 ಮಕ್ಕಳಿಗೆ ಪಾಠದ ಮೊದಲು ಒಂದು ಪರೀಕ್ಷೆ, ಪಾಠದ ನಂತರ ಒಂದು.

ಮೇಡಂ: ಹಾಗಾದರೆ ಇದು ಎರಡು ಗುಂಪಲ್ಲ. ಒಂದೇ ಗುಂಪು, ಎರಡು ಅಳತೆ. ಪ್ರತಿ ಮಗುವಿನ ನಂತರದ ಅಂಕದಲ್ಲಿ ಮೊದಲಿನ ಅಂಕ ಕಳೆಯಿರಿ. 32 ವ್ಯತ್ಯಾಸಗಳು ಸಿಗುತ್ತವೆ. ಅವುಗಳ ಸರಾಸರಿ ಸೊನ್ನೆಯಿಂದ ಎಷ್ಟು ದೂರ ಇದೆ ಅಂತ ನೋಡುವುದೇ ಪೇರ್ಡ್ ಟಿ ಟೆಸ್ಟ್. ಆದರೆ ಒಂದು ಮಾತು ನೆನಪಿಡಿ. ಪಾಠ ಕೇಳದ ಮಕ್ಕಳ ಗುಂಪು ನಿಮ್ಮಲ್ಲಿ ಇಲ್ಲ. ಅಂಕ ಏರಿದ್ದು ಪಾಠದಿಂದಲೋ, ಎರಡನೇ ಸಲ ಅದೇ ಥರದ ಪ್ರಶ್ನೆ ನೋಡಿದ್ದರಿಂದಲೋ ಅಂತ ಈ ಟೆಸ್ಟ್ ಹೇಳುವುದಿಲ್ಲ.

ಮನಃಶಾಸ್ತ್ರ ವಿದ್ಯಾರ್ಥಿ: ನನಗೆ ಪಿ ವ್ಯಾಲ್ಯೂ 0.03 ಬಂದಿದೆ. ಅಂದರೆ ನಲ್ ಹೈಪಾಥಿಸಿಸ್ ನಿಜವಾಗಿರುವ ಸಂಭವ ಶೇ 3 ಮಾತ್ರ, ಅಲ್ವಾ?

ಮೇಡಂ: ಅಲ್ಲ. ನಲ್ ಅಂದರೆ ವ್ಯತ್ಯಾಸವೇ ಇಲ್ಲ ಅನ್ನುವ ಊಹೆ. ಅದು ನಿಜವಾಗಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುವ ಸಂಭವವೇ ಪಿ ವ್ಯಾಲ್ಯೂ. ಅಂದರೆ ನಲ್ ನಿಜ ಅಂತ ಒಪ್ಪಿಕೊಂಡೇ ಲೆಕ್ಕ ಶುರುವಾಗುತ್ತದೆ. ಅದೇ ಲೆಕ್ಕ ತಿರುಗಿ ನಲ್ ಎಷ್ಟು ನಿಜ ಅಂತ ಹೇಳಲಾರದು. ಒಂದು ನಾಣ್ಯವನ್ನು 10 ಸಲ ಚಿಮ್ಮಿದಿರಿ, 9 ಸಲ ಒಂದೇ ಕಡೆ ಬಿತ್ತು ಅಂದುಕೊಳ್ಳಿ. ಸರಿಯಾದ ನಾಣ್ಯದಲ್ಲೂ 9 ಅಥವಾ 10 ಸಲ ಒಂದೇ ಕಡೆ ಬೀಳುವ ಸಂಭವ 1024ಕ್ಕೆ 22. ಅಂದರೆ ಪಿ ಸುಮಾರು 0.02. ಆದರೆ ಆ ನಾಣ್ಯವನ್ನು ಈಗ ತಾನೇ ನಿಮ್ಮ ಜೇಬಿನಿಂದ ತೆಗೆದಿದ್ದರೆ, ಅದು ಸರಿಯಾಗಿಲ್ಲ ಅಂತ ಶೇ 98 ನಂಬುತ್ತೀರಾ? ನಂಬುವುದಿಲ್ಲ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಪಿ ವ್ಯಾಲ್ಯೂ ಬಗ್ಗೆಯೇ ಒಂದು ಹೇಳಿಕೆ ಹೊರಡಿಸಿತು. ಈ ತಪ್ಪು ಓದನ್ನು ಅದರಲ್ಲೂ ಸ್ಪಷ್ಟವಾಗಿ ಅಲ್ಲಗಳೆದಿದ್ದಾರೆ.

ವೈದ್ಯಕೀಯ ವಿದ್ಯಾರ್ಥಿ: ಮೇಡಂ, ರೋಗಿಗಳು ಎಷ್ಟು ತಿಂಗಳಿಗೆ ಮತ್ತೆ ದಾಖಲಾದರು ಅಂತ ನೋಡುತ್ತಿದ್ದೇನೆ. 9 ಜನ ಮಧ್ಯದಲ್ಲೇ ಸಂಪರ್ಕಕ್ಕೆ ಸಿಗಲಿಲ್ಲ. ಅವರನ್ನು ಬಿಟ್ಟು ಟಿ ಟೆಸ್ಟ್ ಹಾಕಬಹುದಾ?

ವಾಣಿಜ್ಯ ಉಪನ್ಯಾಸಕ: ಎಲ್ಲರಿಗೂ ಉಪಯೋಗವಾಗಲಿ ಅಂತ ಹಾಕುತ್ತಿದ್ದೇನೆ. ಫಾರ್ವರ್ಡ್ ಮಾಡಲಾಗಿದೆ: "ಸ್ಯಾಂಪಲ್ 30ಕ್ಕಿಂತ ಕಡಿಮೆ ಇದ್ದರೆ ಟಿ, ಜಾಸ್ತಿ ಇದ್ದರೆ ಜೆಡ್. ಪಿ 0.05 ದಾಟಿದರೆ ಇನ್ನೂ 10 ಸ್ಯಾಂಪಲ್ ಸೇರಿಸಿ ಮತ್ತೆ ಟೆಸ್ಟ್ ಮಾಡಿ. ಆಗಲೂ ಬರದಿದ್ದರೆ ಒನ್-ಟೇಲ್ಡ್ ಮಾಡಿ, ಪಿ ಅರ್ಧಕ್ಕೆ ಇಳಿಯುತ್ತದೆ."

ಮೇಡಂ: ಸರ್, ದಯವಿಟ್ಟು ಇದನ್ನು ಅಳಿಸಿ. ಮೊದಲ ಸಾಲು ಹಳೆಯ ಅಭ್ಯಾಸ. ಇಡೀ ಜನಸಮೂಹದ ಸ್ಟ್ಯಾಂಡರ್ಡ್ ಡೀವಿಯೇಷನ್ (ಏರುಪೇರಿನ ಅಳತೆ) ಮೊದಲೇ ಗೊತ್ತಿದ್ದರೆ ಜೆಡ್, ನಿಮ್ಮ ಸ್ಯಾಂಪಲ್‌ನಿಂದಲೇ ಅಂದಾಜು ಮಾಡಿದ್ದರೆ ಟಿ. 1908ರಲ್ಲಿ ಸಂಖ್ಯಾಶಾಸ್ತ್ರಜ್ಞ ಗಾಸೆಟ್ 'ಸ್ಟೂಡೆಂಟ್' ಅನ್ನುವ ಹೆಸರಿನಲ್ಲಿ ಬರೆದದ್ದೇ ಈ ತೊಂದರೆ ಬಗ್ಗೆ. ಸ್ಯಾಂಪಲ್ ದೊಡ್ಡದಾದಾಗ ಟಿ ತಾನಾಗಿಯೇ ಜೆಡ್‌ಗೆ ಹತ್ತಿರ ಬರುತ್ತದೆ. ಹಾಗಾಗಿ ಸರಾಸರಿಗಳನ್ನು ಹೋಲಿಸುವಾಗ ಯಾವಾಗಲೂ ಟಿ ಬಳಸಿದರೆ ನಷ್ಟವಿಲ್ಲ.

ಉಳಿದ ಎರಡು ಸಾಲು ಅಪಾಯದ್ದು. ಪಿ 0.05ಕ್ಕಿಂತ ಕಡಿಮೆ ಬಂದರೆ ವ್ಯತ್ಯಾಸ ಇದೆ ಅನ್ನುವುದು ರೂಢಿ. 10 ಸೇರಿಸಿ ನೋಡು, ಮತ್ತೆ 10 ಸೇರಿಸಿ ನೋಡು ಅಂತ ಒಟ್ಟು 5 ಸಲ ನೋಡಿದರೆ, ವ್ಯತ್ಯಾಸವೇ ಇಲ್ಲದ ಕಡೆಯೂ "ಇದೆ" ಅಂತ ಬರುವ ಸಂಭವ ಶೇ 5ರಿಂದ ಸುಮಾರು ಶೇ 14ಕ್ಕೆ ಏರುತ್ತದೆ. 10 ಸಲ ನೋಡಿದರೆ ಸುಮಾರು ಶೇ 19. ಒನ್-ಟೇಲ್ಡ್ ಅಂದರೆ ವ್ಯತ್ಯಾಸವನ್ನು ಒಂದೇ ದಿಕ್ಕಿನಲ್ಲಿ ಹುಡುಕುವುದು. ಫಲಿತಾಂಶ ನೋಡಿದ ಮೇಲೆ ಅದಕ್ಕೆ ಹೋಗುವುದು ಮೋಸ. ಬೇರೆ ಮಾತು ನನಗೆ ಸಿಗುತ್ತಿಲ್ಲ.

ವಾಣಿಜ್ಯ ಉಪನ್ಯಾಸಕ: ಮೋಸ ಅನ್ನುವುದು ದೊಡ್ಡ ಮಾತಾಯಿತು ಮೇಡಂ. ನಾನು ಬರೆದದ್ದಲ್ಲ, ಬಂದದ್ದನ್ನು ಹಾಕಿದೆ ಅಷ್ಟೇ.

ಮೇಡಂ: ನಿಮ್ಮನ್ನು ಅಂದದ್ದಲ್ಲ ಸರ್, ಆ ಕೆಲಸವನ್ನು ಅಂದದ್ದು. ಆದರೆ ನೀವು ಹಾಕಿದ ಮೇಲೆ ನಿಮ್ಮ ವಿದ್ಯಾರ್ಥಿಗಳು ಅದನ್ನೇ ನಂಬುತ್ತಾರೆ.

ಜೀವಶಾಸ್ತ್ರ ವಿದ್ಯಾರ್ಥಿನಿ: ಮೇಡಂ, ನನ್ನದು ಇಲಿಗಳ ಪ್ರಯೋಗ. ಔಷಧ ಕೊಟ್ಟ ಗುಂಪು, ಕೊಡದ ಗುಂಪು. ಮೈಕ್ರೋಸ್ಕೋಪಿನಲ್ಲಿ ಒಂದೊಂದೇ ಜೀವಕೋಶದ ಹೊಳಪು ಅಳೆದಿದ್ದೇನೆ. ಗುಂಪಿಗೆ 120 ಜೀವಕೋಶ. ಟಿ ಟೆಸ್ಟ್‌ನಲ್ಲಿ ಪಿ 0.001ಕ್ಕಿಂತ ಕಡಿಮೆ ಬಂತು. ಗೈಡ್‌ಗೆ ತುಂಬಾ ಖುಷಿಯಾಗಿದೆ. ಟಿ ಟೆಸ್ಟ್ ಸರಿ ತಾನೇ?

ಮೇಡಂ: ಇಲಿಗಳು ಎಷ್ಟು?

ಜೀವಶಾಸ್ತ್ರ ವಿದ್ಯಾರ್ಥಿನಿ: ಗುಂಪಿಗೆ 3. ಒಂದೊಂದರಿಂದ 40 ಜೀವಕೋಶ.

ಮೇಡಂ: ಪ್ರತಿ ಇಲಿಯ ಸರಾಸರಿ ಕೊಡಿ.

ಜೀವಶಾಸ್ತ್ರ ವಿದ್ಯಾರ್ಥಿನಿ: ಔಷಧ ಇಲ್ಲದವು 41, 44, 50. ಕೊಟ್ಟವು 47, 52, 54.

ಎಂಬಿಎ ವಿದ್ಯಾರ್ಥಿ: ಎರಡು ಗುಂಪು ಇದ್ದರೆ ಯಾವ ಟೆಸ್ಟ್ ಮೇಡಂ?

ಮೇಡಂ: ಮೇಲೆ ಓದಿ.

ಇಲಿಗಳ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಈ ತಪ್ಪು ನನ್ನ ಹತ್ತಿರ ಬಹಳ ಸಲ ಬಂದಿದೆ. ಬರುವ ಹೊತ್ತಿಗೆ ಪ್ರಯೋಗ ಮುಗಿದಿರುತ್ತದೆ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ನೀವು ಔಷಧ ಕೊಟ್ಟದ್ದು ಜೀವಕೋಶಕ್ಕಲ್ಲ, ಇಲಿಗೆ. ಒಂದೇ ಇಲಿಯ 40 ಜೀವಕೋಶಗಳು 40 ಸ್ವತಂತ್ರ ಸಾಕ್ಷಿಗಳಲ್ಲ. ಅವು ಒಂದೇ ರಕ್ತ, ಒಂದೇ ವಯಸ್ಸು, ಒಂದೇ ದಿನದ ಬಣ್ಣ ಹಾಕುವಿಕೆ ಹಂಚಿಕೊಂಡಿವೆ. ನಿಮ್ಮ ಸಂಖ್ಯೆಗಳನ್ನೇ ನೋಡಿ. ಔಷಧ ಇಲ್ಲದ ಗುಂಪಿನ ಒಳಗೇ 41ರ ಇಲಿಯೂ ಇದೆ, 50ರ ಇಲಿಯೂ ಇದೆ. ಅಂತರ 9. ಎರಡು ಗುಂಪುಗಳ ಸರಾಸರಿ 45 ಮತ್ತು 51. ಅಂತರ 6. ಔಷಧವೇ ಇಲ್ಲದೆ ಇಲಿಯಿಂದ ಇಲಿಗೆ 9ರಷ್ಟು ಏರುಪೇರು ಇರುವಾಗ, 6ರ ಅಂತರ ಅಷ್ಟು ದೊಡ್ಡ ಸುದ್ದಿ ಹೇಗಾಗುತ್ತದೆ?

ಇಲಿಯನ್ನೇ ಒಂದು ಘಟಕವಾಗಿ ಇಟ್ಟು, 3ಕ್ಕೆ 3 ಟಿ ಟೆಸ್ಟ್ ಮಾಡಿದೆ. ಟಿ 1.78 ಬಂತು, ಡಿಗ್ರೀಸ್ ಆಫ್ ಫ್ರೀಡಂ 4 (6 ಇಲಿಗಳಲ್ಲಿ 2 ಗುಂಪು ಕಳೆದು), ಪಿ 0.15. ವ್ಯತ್ಯಾಸದ ಶೇ 95 ಕಾನ್ಫಿಡೆನ್ಸ್ ಇಂಟರ್ವಲ್ (ಡೇಟಾಗೆ ಹೊಂದುವ ವ್ಯತ್ಯಾಸಗಳ ವ್ಯಾಪ್ತಿ) ಸುಮಾರು -3.3ರಿಂದ 15.3ರವರೆಗೆ. ಅಂದರೆ ಔಷಧ ಹೊಳಪನ್ನು ಸ್ವಲ್ಪ ಇಳಿಸಿರಲೂಬಹುದು, 15ರಷ್ಟು ಏರಿಸಿರಲೂಬಹುದು. ಔಷಧ ಕೆಲಸ ಮಾಡಿಲ್ಲ ಅಂತ ಇದರ ಅರ್ಥ ಅಲ್ಲ. 6 ಇಲಿಗಳಿಂದ ಇಷ್ಟೇ ತಿಳಿಯುತ್ತದೆ ಅಂತ ಅರ್ಥ. ಎಲ್ಲ ಇಲಿಗಳಿಂದಲೂ ಸಮನಾಗಿ 40 ತೆಗೆದಿರುವುದರಿಂದ ಮಿಕ್ಸೆಡ್ ಮಾಡೆಲ್ (ಯಾವ ಜೀವಕೋಶ ಯಾವ ಇಲಿಯದು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನ) ಹಾಕಿದರೂ ಹೆಚ್ಚುಕಡಿಮೆ ಇದೇ ಉತ್ತರ ಬರುತ್ತದೆ. ಜೀವಕೋಶ 40ರ ಬದಲು 400 ಎಣಿಸಿದರೂ ಇಲಿಗಳ ಸಂಖ್ಯೆ 6ಕ್ಕಿಂತ ಮೇಲೆ ಹೋಗುವುದಿಲ್ಲ. 1984ರಲ್ಲಿ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ ಇದನ್ನು ಸೂಡೋರೆಪ್ಲಿಕೇಷನ್ ಅಂತ ಕರೆದರು.

ಜೀವಶಾಸ್ತ್ರ ವಿದ್ಯಾರ್ಥಿನಿ: ಮೇಡಂ, ಎರಡು ವರ್ಷದ ಕೆಲಸ ಇದು. ಮ್ಯಾನ್-ವಿಟ್ನಿ ಹಾಕಿದರೆ ಬರಬಹುದಾ?

ಮೇಡಂ: ಬರುವುದಿಲ್ಲ. ಮ್ಯಾನ್-ವಿಟ್ನಿ ಸಂಖ್ಯೆಗಳ ಬದಲು ಅವುಗಳ ರ‍್ಯಾಂಕನ್ನು, ಅಂದರೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗಿನ ಸ್ಥಾನವನ್ನು ನೋಡುತ್ತದೆ. ಕಾರಣ ಕೈಯಲ್ಲೇ ಎಣಿಸಬಹುದು. 6 ರ‍್ಯಾಂಕುಗಳನ್ನು 3-3 ಹಂಚುವ ರೀತಿ ಒಟ್ಟು 20. ಔಷಧ ಕೊಟ್ಟ ಮೂರೂ ಇಲಿಗಳು ಉಳಿದವಕ್ಕಿಂತ ಮೇಲೆ ಇದ್ದರೂ ಎರಡೂ ಬದಿ ಸೇರಿ 20ಕ್ಕೆ 2, ಅಂದರೆ 0.1. 3ಕ್ಕೆ 3 ಇದ್ದಾಗ ಮ್ಯಾನ್-ವಿಟ್ನಿಯಲ್ಲಿ ಪಿ 0.1ಕ್ಕಿಂತ ಕೆಳಗೆ ಇಳಿಯಲು ಜಾಗವೇ ಇಲ್ಲ.

ಫಾರ್ಮಸಿ ಉಪನ್ಯಾಸಕ: ಒಂದು ಸಣ್ಣ ತಿದ್ದುಪಡಿ. ಟಿ ಟೆಸ್ಟ್‌ಗೆ ಮೊದಲು ಶಪೀರೋ-ವಿಲ್ಕ್ ಹಾಕಿ ಡೇಟಾ ನಾರ್ಮಲ್ (ಗಂಟೆ ಆಕಾರದ ಹರಡಿಕೆ) ಇದೆಯಾ ಅಂತ ನೋಡಲೇಬೇಕು. ಇಲ್ಲದಿದ್ದರೆ ಮ್ಯಾನ್-ವಿಟ್ನಿಯಂಥ ನಾನ್-ಪ್ಯಾರಾಮೆಟ್ರಿಕ್ ಟೆಸ್ಟ್.

ಡೇಟಾ ಎಂಜಿನಿಯರ್: ಅದರಿಂದ ಪ್ರಯೋಜನ ಇಲ್ಲ ಸರ್. 8 ಜನರ ಡೇಟಾದಲ್ಲಿ ಶಪೀರೋಗೆ ಏನೂ ಕಾಣುವುದಿಲ್ಲ. 5000 ಸಾಲಿನ ಡೇಟಾದಲ್ಲಿ ಚಿಕ್ಕ ವಕ್ರವೂ ಕಾಣುತ್ತದೆ. ಬೇಕಾದಾಗ ಕುರುಡು, ಬೇಡವಾದಾಗ ಹದ್ದಿನ ಕಣ್ಣು.

ಫಾರ್ಮಸಿ ಉಪನ್ಯಾಸಕ: 15 ವರ್ಷದಿಂದ ಇದನ್ನೇ ಪಾಠ ಮಾಡುತ್ತಿದ್ದೇನೆ. ಪರೀಕ್ಷಕರು ಕೇಳುವುದೂ ಇದನ್ನೇ.

ಡೇಟಾ ಎಂಜಿನಿಯರ್: ಪರೀಕ್ಷಕರು ಕೇಳುತ್ತಾರೆ ಅನ್ನುವುದು ಕಾರಣ ಆಗುತ್ತಾ ಸರ್?

ನರ್ಸಿಂಗ್ ವಿದ್ಯಾರ್ಥಿನಿ: ಕೈ ಸ್ಕ್ವೇರ್ ಟೇಬಲ್‌ನಲ್ಲಿ ಒಂದು ಮನೆಯಲ್ಲಿ 2 ಮಾತ್ರ ಇದೆ. ಶೇಕಡಾ ಹಾಕಿ ಮಾಡಲಾ?

ಮೇಡಂ: ಶೇಕಡಾ ಬೇಡವೇ ಬೇಡ. ಕೈ ಸ್ಕ್ವೇರ್‌ಗೆ ಎಣಿಕೆಯೇ ಬೇಕು. ಶೇಕಡಾ ಕೊಟ್ಟರೆ 20 ಜನರಲ್ಲಿ ಶೇ 50, 2000 ಜನರಲ್ಲಿ ಶೇ 50 ಎರಡನ್ನೂ ಅದು ಒಂದೇ ಅಂದುಕೊಂಡುಬಿಡುತ್ತದೆ. ಕಂಡ ಎಣಿಕೆ 2 ಇದ್ದರೆ ಪರವಾಗಿಲ್ಲ, ನಿರೀಕ್ಷಿತ ಎಣಿಕೆ (ನಲ್ ನಿಜವಾಗಿದ್ದರೆ ಆ ಮನೆಯಲ್ಲಿ ಬರಬೇಕಾದದ್ದು) 5ಕ್ಕಿಂತ ಕಡಿಮೆ ಇದೆಯಾ ನೋಡಿ. ಎರಡು ಸಾಲು, ಎರಡು ಕಾಲಂ ಇದ್ದು ಹಾಗಿದ್ದರೆ ಫಿಶರ್ಸ್ ಎಕ್ಸಾಕ್ಟ್ ಟೆಸ್ಟ್ ಹಾಕಿ.

ಫಾರ್ಮಸಿ ಉಪನ್ಯಾಸಕ: ಅಲ್ರೀ ಎಂಜಿನಿಯರ್ ಸಾಹೇಬ್ರೇ, ನೀವು ರೋಗಿಯ ಡೇಟಾ ಮುಟ್ಟಿದ್ದೀರಾ? ವೆಬ್‌ಸೈಟ್ ಕ್ಲಿಕ್ ಎಣಿಸುವವರು ನಮಗೆ ಪಾಠ ಹೇಳಬೇಕಾ?

ಡೇಟಾ ಎಂಜಿನಿಯರ್: ಕ್ಲಿಕ್ ಎಣಿಸಿದರೂ ಗಣಿತ ಅದೇ ಸ್ವಾಮಿ. ಲಕ್ಷ ಜನರ ಡೇಟಾದಲ್ಲಿ ನಿಮ್ಮ ಶಪೀರೋ ನಂಬಿದ್ದರೆ ಸರಾಸರಿ ಅನ್ನುವ ಪದವನ್ನೇ ಮರೆಯಬೇಕಿತ್ತು.

ಅಡ್ಮಿನ್: ಇಬ್ಬರೂ ಸ್ವಲ್ಪ ಸಮಾಧಾನ ಮಾಡಿಕೊಳ್ಳಿ.

ಮೇಡಂ: ಎಂಜಿನಿಯರ್ ಹೇಳಿದ್ದರಲ್ಲಿ ಹುರುಳಿದೆ, ಹೇಳಿದ ರೀತಿ ಬೇಡವಾಗಿತ್ತು. ಮೊದಲು ಚಿತ್ರ ಬರೆದು ಕಣ್ಣಲ್ಲಿ ನೋಡಿ. ಎರಡು ಬೇರೆ ಗುಂಪುಗಳ ಸರಾಸರಿ ಹೋಲಿಸುವಾಗ ನಾನು ವೆಲ್ಚ್ ಟಿ ಟೆಸ್ಟ್‌ನಿಂದ ಶುರು ಮಾಡುತ್ತೇನೆ. ಗುಂಪುಗಳ ಏರುಪೇರು ಸಮ ಇರಬೇಕು ಅನ್ನುವ ಷರತ್ತು ಅದಕ್ಕಿಲ್ಲ. ಇನ್ನೊಂದು, ಮ್ಯಾನ್-ವಿಟ್ನಿ ಟಿ ಟೆಸ್ಟ್‌ನ ಬದಲಿ ಆಟಗಾರ ಅಲ್ಲ. ಅದು ಕೇಳುವ ಪ್ರಶ್ನೆಯೇ ಬೇರೆ. ಒಂದು ಗುಂಪಿನಿಂದ ಒಬ್ಬರು, ಇನ್ನೊಂದರಿಂದ ಒಬ್ಬರು ಸುಮ್ನೆ ಬಂದರೆ ಯಾರದು ಜಾಸ್ತಿ ಇರುವ ಸಂಭವ ಹೆಚ್ಚು ಅನ್ನುವುದು ಅದರ ಪ್ರಶ್ನೆ. ಎರಡೂ ಗುಂಪುಗಳ ಹರಡಿಕೆಯ ಆಕಾರ ಒಂದೇ ಇದ್ದರೆ ಮಾತ್ರ ಅದನ್ನು ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವಿನ ಬೆಲೆ) ಹೋಲಿಕೆ ಅನ್ನಬಹುದು.

ಫಾರ್ಮಸಿ ಉಪನ್ಯಾಸಕ: ಸರಿ ಮೇಡಂ. ಇಷ್ಟು ವರ್ಷ ತಪ್ಪು ಹೇಳಿಕೊಟ್ಟೆವು ಅಂತಾಯಿತು. ನಾನು ಇನ್ನು ಮಾತಾಡುವುದಿಲ್ಲ.

ಫಿಸಿಯೋಥೆರಪಿ ವಿದ್ಯಾರ್ಥಿ: ಮೂರು ಗುಂಪು ಇದೆ. ಎರಡೆರಡು ಜೋಡಿ ಮಾಡಿ ಮೂರು ಟಿ ಟೆಸ್ಟ್ ಹಾಕಿದೆ. ಸರಿಯಾ?

ಮೇಡಂ: ಅನೋವಾ ಹಾಕಿ, ಅದು ಮೂರೂ ಸರಾಸರಿಗಳನ್ನು ಒಟ್ಟಿಗೆ ಹೋಲಿಸುತ್ತದೆ. ಜೋಡಿಗಳನ್ನು ಹೋಲಿಸಲೇಬೇಕು ಅಂದರೆ ಹಲವು ಸಲ ಟೆಸ್ಟ್ ಮಾಡಿದಾಗ ಹೆಚ್ಚುವ ತಪ್ಪನ್ನು ತಡೆಯುವ ಟ್ಯೂಕಿ ಅಥವಾ ಹೋಮ್ ತಿದ್ದುಪಡಿ.

ಎಂಬಿಎ ವಿದ್ಯಾರ್ಥಿ: ಸ್ಯಾಂಪಲ್ ಎಷ್ಟು ಇರಬೇಕು? 30 ಸಾಕಾ?

ಮೇಡಂ: ಎಷ್ಟು ವ್ಯತ್ಯಾಸ ಹುಡುಕುತ್ತಿದ್ದೀರಿ, ಏರುಪೇರು ಎಷ್ಟು ಅಂತ ಗೊತ್ತಿಲ್ಲದೆ ಹೇಳಲಾಗದು. 30 ಮಂತ್ರದ ಸಂಖ್ಯೆ ಅಲ್ಲ.

ಇನ್ನೊಬ್ಬ ಸದಸ್ಯ: 30 ಸಾಕು ಅಂತ ಎಲ್ಲ ಕಡೆ ಹೇಳುತ್ತಾರಲ್ಲ?

ಮೇಡಂ: ಹೇಳಲಿ.

ವೈದ್ಯಕೀಯ ವಿದ್ಯಾರ್ಥಿ: ಮೇಡಂ, 9 ಜನ ಸಂಪರ್ಕಕ್ಕೆ ಸಿಗದ ಪ್ರಶ್ನೆ ಮೇಲೆ ಇದೆ. ದಯವಿಟ್ಟು ನೋಡಿ.

ವಾಣಿಜ್ಯ ಉಪನ್ಯಾಸಕ: ಪ್ರಶ್ನೆ ಕೇಳಿದರೆ ಒಂದೊಂದು ಪದದ ಉತ್ತರ. ಇದಕ್ಕಿಂತ ಆ ಫಾರ್ವರ್ಡೇ ವಾಸಿಯಾಗಿತ್ತು.

ಡೇಟಾ ಎಂಜಿನಿಯರ್: ಆ ಫಾರ್ವರ್ಡ್ ಇನ್ನೂ ಅಳಿಸಿಲ್ಲ ನೀವು.

ಅಡ್ಮಿನ್: ಅಳಿಸಿದ್ದೇನೆ. ಈ ವಾದ ಇಲ್ಲಿಗೆ ನಿಲ್ಲಲಿ.

ಜೀವಶಾಸ್ತ್ರ ವಿದ್ಯಾರ್ಥಿನಿ: ಮೇಡಂ, ಗೈಡ್ ಜೊತೆ ಮಾತಾಡಿದೆ. ಬೇರೆಯವರೂ ಜೀವಕೋಶವನ್ನೇ ಎಣಿಸುತ್ತಾರೆ, ಹಾಗೇ ಬರೆ ಅಂದರು. ಇನ್ನೊಂದು ವಿಷಯ ಹೇಳಬೇಕಿತ್ತು. ಔಷಧ ಕೊಟ್ಟ ಮೂರೂ ಇಲಿಗಳು ಒಂದು ಪಂಜರದಲ್ಲಿದ್ದವು, ಉಳಿದ ಮೂರು ಇನ್ನೊಂದರಲ್ಲಿ. ಇದರಿಂದ ತೊಂದರೆ ಇದೆಯಾ?

ಮೇಡಂ: ಇದೆ ಅಮ್ಮಾ. ಕೇಳಿದ್ದು ಒಳ್ಳೆಯದಾಯಿತು. ಈಗ ಔಷಧದ ವ್ಯತ್ಯಾಸ, ಪಂಜರದ ವ್ಯತ್ಯಾಸ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಪಂಜರಕ್ಕೆ ಬೆಳಕು ಜಾಸ್ತಿ ಬಿದ್ದಿರಬಹುದು, ಒಂದರಲ್ಲಿ ಸೋಂಕು ಹರಡಿರಬಹುದು. ಅದನ್ನು ಬಿಡಿಸುವ ಟೆಸ್ಟ್ ಇಲ್ಲ, ಯಾಕಂದರೆ ಬಿಡಿಸಲು ಬೇಕಾದ ಮಾಹಿತಿಯೇ ಈ ಡೇಟಾದಲ್ಲಿ ಇಲ್ಲ. ಯಾವ ಸಾಫ್ಟ್‌ವೇರ್ ಕೂಡ ಇದನ್ನು ಹೇಳುವುದಿಲ್ಲ, ಅದು ಪಿ ಕೊಟ್ಟು ಸುಮ್ಮನಾಗುತ್ತದೆ.

ಎರಡು ವರ್ಷ ವ್ಯರ್ಥ ಅಂದುಕೊಳ್ಳಬೇಡಿ. ಇಲಿಯಿಂದ ಇಲಿಗೆ ಏರುಪೇರು ಎಷ್ಟು ಅಂತ ಈಗ ನಿಮ್ಮ ಕೈಯಲ್ಲಿ ಅಂದಾಜಿದೆ. ಇದನ್ನು ಪೈಲಟ್ ಅಂತ ಬರೆಯಿರಿ. ಆರೂ ಸರಾಸರಿಗಳನ್ನು ಆರು ಚುಕ್ಕಿಗಳಾಗಿ ಚಿತ್ರದಲ್ಲಿ ತೋರಿಸಿ, ಪಂಜರದ ವಿಷಯ ಮುಚ್ಚಿಡಬೇಡಿ. ಮುಂದಿನ ಸುತ್ತಿನಲ್ಲಿ ಪ್ರತಿ ಪಂಜರದಲ್ಲೂ ಎರಡೂ ಗುಂಪಿನ ಇಲಿಗಳು ಇರಲಿ, ಯಾವ ಇಲಿಗೆ ಔಷಧ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಹೊಳಪು ಅಳೆಯುವವರಿಗೆ ಯಾವುದು ಯಾವ ಗುಂಪು ಅಂತ ಗೊತ್ತಿರಬಾರದು. ಇಲಿಗೆ 40 ಜೀವಕೋಶ ಬೇಡ, 15 ಅಥವಾ 20 ಸಾಕು. ಉಳಿದ ಸಮಯವನ್ನು ಇಲಿಗಳ ಸಂಖ್ಯೆಗೆ ಹಾಕಿ. ಎಷ್ಟು ಇಲಿ ಬೇಕು ಅಂತ ಲೆಕ್ಕ ಹಾಕಲು ಆ ಆರು ಸರಾಸರಿಗಳ ಫೈಲನ್ನು ಇವತ್ತು ರಾತ್ರಿಯೇ ಕಳಿಸಿ. ಗೈಡ್ ಒಪ್ಪಿದರೆ ಅವರ ಜೊತೆಗೂ ಮಾತಾಡುತ್ತೇನೆ.

ಜೀವಶಾಸ್ತ್ರ ವಿದ್ಯಾರ್ಥಿನಿ: ಕಳಿಸುತ್ತೇನೆ ಮೇಡಂ. ಜೀವಕೋಶಗಳ ಫೈಲೂ ಬೇಕಾ?

ಮೇಡಂ: ಬೇಕು. ಯಾವ ಜೀವಕೋಶ ಯಾವ ಇಲಿಯದು ಅನ್ನುವ ಕಾಲಂ ಮಾತ್ರ ತಪ್ಪದೆ ಇರಲಿ.